ಕೆಂಚನ ಕಾಲು: ‘ಮನೆಮಂದಿ’ ಗುಂಪಿನಲ್ಲಿ ಒಂದು ರಾತ್ರಿ

(ಊರಿನ ಮನೆಯ ನಾಯಿ ಕೆಂಚನಿಗೆ ಬೇಸಗೆಯಲ್ಲಿ ಗೂಡ್ಸ್ ಆಟೊ ಬಡಿದಿತ್ತು. ಅವನನ್ನು ನೋಡಿಕೊಳ್ಳುತ್ತಿರುವವರು ಸುಮಾ ಚಿಕ್ಕಮ್ಮ. ಸಲಹೆ ಕೊಡುತ್ತಿರುವವರು ಉಳಿದ ನಾವೆಲ್ಲರೂ. ಅವನ ಒಂದು ಮುಂಗಾಲನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯ ಮಾತುಕತೆ ಇದು.)

ದೊಡ್ಡಪ್ಪ: [ವಿಡಿಯೊ, ಹಲವು ಬಾರಿ ಫಾರ್ವರ್ಡ್ ಆಗಿದೆ] ಎಲ್ಲರೂ ನೋಡಿ. ಲಾರಿ ಹರಿದ ನಾಯಿಗೆ ಮಂಗರವಳ್ಳಿ ಅರೆದು ಮೆತ್ತಿ, ಬಿದಿರಿನ ದಬ್ಬೆ ಕಟ್ಟಿ, ಎರಡೇ ವಾರದಲ್ಲಿ ಓಡಿಸಿದ್ದಾರೆ. ನಾಳೆ ಕತ್ತರಿ ಹಾಕುವ ಮೊದಲು ಇದನ್ನು ಪ್ರಯತ್ನಿಸಬಾರದೇ?

ಅತ್ತೆ: ನೋಡಿದೆ ಅಣ್ಣ. ಕಣ್ಣಲ್ಲಿ ನೀರು ಬಂತು.

ಚಿಕ್ಕಮ್ಮ: ನಾನೂ ನೋಡಿದೆ ಭಾವ. ಕಟ್ಟು ಕಟ್ಟಿಸಿಕೊಳ್ಳುವ ನಾಯಿಯ ಬಲಗಿವಿ ಕಪ್ಪು. ಕೊನೆಯಲ್ಲಿ ಓಡುವ ನಾಯಿಯ ಎರಡೂ ಕಿವಿ ಬಿಳಿ. ಮಂಗರವಳ್ಳಿ ಬಣ್ಣವನ್ನೂ ಬದಲಿಸುತ್ತದೆ ಎಂದು ಗೊತ್ತಿರಲಿಲ್ಲ.

ದೊಡ್ಡಪ್ಪ: ಹಾಸ್ಯ ಬೇಡಮ್ಮ. ಅಪ್ಪನ ಕಾಲದಲ್ಲಿ ಎತ್ತಿನ ಕಾಲು ಮುರಿದರೆ ಯಾವ ಎಕ್ಸ್‌ರೇ ಇತ್ತು? ನಾಟಿ ವೈದ್ಯರು ಕಟ್ಟಿದ ಕಟ್ಟಿನಲ್ಲೇ ಎದ್ದು ನಿಂತದ್ದನ್ನು ಕಣ್ಣಾರೆ ಕಂಡವನು ನಾನು.

ಚಿಕ್ಕಮ್ಮ: ಎತ್ತಿನ ಎಲುಬು ಮುರಿದಿತ್ತು. ಕೆಂಚನ ಎಲುಬು ಮುರಿದೇ ಇಲ್ಲ. ಎಕ್ಸ್‌ರೇ ಚಿತ್ರವನ್ನು ಇದೇ ಗುಂಪಿನಲ್ಲಿ ಹಾಕಿದ್ದೆ. ಆಗ ಎಲ್ಲರೂ ಕೈಮುಗಿದ ಚಿತ್ರ ಹಾಕಿ ಸುಮ್ಮನಾದಿರಿ. ಮಂಗರವಳ್ಳಿ ನಮ್ಮ ಬೇಲಿಯ ಮೇಲೆಯೇ ಇದೆ, ಚಟ್ನಿ ಮಾಡುತ್ತೇನೆ. ಎಲುಬಿಗೆ ಒಳ್ಳೆಯದಿರಬಹುದು. ಕಿತ್ತುಹೋದ ನರಕ್ಕೆ ಏನು ಮಾಡುತ್ತದೆ?

ಅತ್ತೆ: ಮೇಘಾ, ನಿನ್ನ ದೊಡ್ಡ ಮಾವನಿಗೆ ಸ್ವಲ್ಪ ಬಿಡಿಸಿ ಹೇಳು.

(ಮೇಘಾ ಪಶುವೈದ್ಯಕೀಯ ಓದುತ್ತಿರುವ ಅತ್ತೆಯ ಮಗಳು. ಮದುವೆಮನೆಯಲ್ಲೂ ಯಾರಾದರೊಬ್ಬರು ಅವಳಿಗೆ ಹಸುವಿನ ಕೆಚ್ಚಲಿನ ಫೋಟೊ ತೋರಿಸುತ್ತಿರುತ್ತಾರೆ.)

ಮೇಘಾ: ದೊಡ್ಡ ಮಾವ, ಮುಂಗಾಲಿನ ನರಗಳೆಲ್ಲ ಕತ್ತಿನ ಕೆಳಭಾಗದ ಬೆನ್ನುಹುರಿಯಿಂದ ಹೊರಟು, ಕಂಕುಳಿನಲ್ಲಿ ಒಂದಕ್ಕೊಂದು ಹೆಣೆದುಕೊಂಡು ಕಾಲಿಗೆ ಇಳಿಯುತ್ತವೆ. ವಾಹನ ಬಡಿದು ಕಾಲು ಜೋರಾಗಿ ಹೊರಕ್ಕೆ ಜಗ್ಗಿದಾಗ ಅವು ಬೇರುಸಹಿತ ಕೀಳುತ್ತವೆ. ನರ ಬರೀ ಜಜ್ಜಿಹೋಗಿದ್ದರೆ ಕಾಲಕ್ರಮೇಣ ಚೇತರಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಡಾಕ್ಟರು ಇಷ್ಟು ದಿನ ಕಾದರು. ಬೆನ್ನುಹುರಿಯಿಂದಲೇ ಕಿತ್ತಿದ್ದರೆ ಮತ್ತೆ ಕೂಡುವುದಿಲ್ಲ. ಇಕ್ಕಳದಲ್ಲಿ ಬೆರಳನ್ನು ಬಲವಾಗಿ ಒತ್ತಿದರೂ ಕೆಂಚ ತಿರುಗಿ ನೋಡಲಿಲ್ಲ. ಅದೇ ಬದಿಯ ಕಣ್ಣಿನ ಪಾಪೆ ಚಿಕ್ಕದಾಗಿದೆ, ರೆಪ್ಪೆ ಜೋತುಬಿದ್ದಿದೆ. ನರ ಬೇರಿನಲ್ಲೇ ಕಿತ್ತಿದೆ ಎನ್ನುವುದಕ್ಕೆ ಅದೂ ಒಂದು ಲಕ್ಷಣ.

ದೊಡ್ಡಪ್ಪ: ನೋವೇ ಇಲ್ಲ ಎಂದ ಮೇಲೆ ಕತ್ತರಿಸುವುದೇಕೆ? ಇದ್ದರೆ ಇರಲಿ ಬಿಡಿ. ದೇವರು ಕೊಟ್ಟ ಅಂಗ.

ಚಿಕ್ಕಮ್ಮ: ನೋವಿಲ್ಲದಿರುವುದೇ ತೊಂದರೆ ಭಾವ. ಪಾದ ಮಡಚಿಕೊಂಡು ನೆಲಕ್ಕೆ ಉಜ್ಜುತ್ತದೆ. ಚರ್ಮ ಸವೆದು ಎಲುಬು ಕಾಣುತ್ತಿದೆ. ಬಟ್ಟೆಯ ಚೀಲ ಹೊಲಿದು ಹಾಕಿದೆ, ಹರಿದುಹಾಕಿದ. ಈ ವಾರದಿಂದ ತನ್ನ ಬೆರಳುಗಳನ್ನು ತಾನೇ ಕಚ್ಚುತ್ತಿದ್ದಾನೆ. ಮಳೆ ಹಿಡಿದಿದೆ. ನೊಣ ಕೂತರೆ ಹುಳ ಬೀಳುವುದಕ್ಕೆ ಎಷ್ಟು ಹೊತ್ತು? ನೀವು ಉಳಿಸಿ ಎನ್ನುತ್ತಿರುವುದು ಅವನ ಪಾಲಿಗೆ ಕಾಲೇ ಅಲ್ಲ, ಹೋದಲ್ಲೆಲ್ಲ ಎಳೆದುಕೊಂಡು ಹೋಗಬೇಕಾದ ಹುಣ್ಣು. ಅದರ ಮೇಲೆ ಬಿಗಿಯಾಗಿ ದಬ್ಬೆ ಕಟ್ಟಿದರೆ ರಕ್ತ ಓಡದೆ ಕೊಳೆಯುತ್ತದೆ. ಬಿಗಿಯಾಯಿತೆಂದು ಹೇಳಲು ಅವನಿಗೆ ಅಲ್ಲಿ ಸ್ಪರ್ಶವೇ ಇಲ್ಲ.

ವಿನಯ: ಚಿಕ್ಕಮ್ಮ, ಇಲ್ಲಿ ಟೊರಾಂಟೊದಲ್ಲಿ ನಾಯಿಗಳಿಗೂ ಕೃತಕ ಕಾಲು ಮಾಡಿಕೊಡುತ್ತಾರೆ. ಕೆಳಗಿನಿಂದ ಸ್ವಲ್ಪವೇ ತೆಗೆದು ಅದನ್ನು ಹಾಕಿಸಬಹುದಲ್ಲ? ಖರ್ಚು ನನ್ನದು.

ಮೇಘಾ: ಕೃತಕ ಕಾಲನ್ನು ಊರುವುದಕ್ಕೆ ಮೇಲಿನ ಭಾಗದಲ್ಲಿ ಶಕ್ತಿ ಬೇಕು ವಿನಯಣ್ಣ. ಇವನಿಗೆ ಮೊಣಕೈ ನೀಡುವ ಶಕ್ತಿಯೇ ಇಲ್ಲ. ಅರ್ಧ ಮೋಟು ಉಳಿಸಿದರೆ ಅದು ಮತ್ತೆ ನೆಲಕ್ಕೆ ತಗುಲಿ ಗಾಯವಾಗುತ್ತದೆ. ಹೀಗಾಗಿ ಹೆಗಲಿನಿಂದಲೇ ತೆಗೆಯುತ್ತಾರೆ.

ಚಿಕ್ಕಮ್ಮ: ಖರ್ಚು ನಿನ್ನದು ಎಂದದ್ದನ್ನು ನೆನಪಿಟ್ಟುಕೊಳ್ಳುತ್ತೇನೆ ವಿನಯ. ಬಿಲ್ಲಿನ ಫೋಟೊ ಕಳುಹಿಸುತ್ತೇನೆ.

ಅತ್ತೆ: ಸುಮಾ, ಬೇಸರಿಸಬೇಡ, ಒಂದು ಮಾತು ಕೇಳುತ್ತೇನೆ. ಮೂರು ಕಾಲಿನ ನಾಯಿಯನ್ನು ನಮ್ಮ ಕಡೆಯ ಚಿರತೆ ಬಿಡುತ್ತದೆಯೇ? ಒಂದು ಇಂಜೆಕ್ಷನ್ ಕೊಟ್ಟು ನೆಮ್ಮದಿಯಾಗಿ ಕಳುಹಿಸುವುದೇ ಮೇಲಲ್ಲವೇ?

ಚಿಕ್ಕಮ್ಮ: ನಾಲ್ಕು ಕಾಲಿನವರನ್ನೂ ಅದು ಬಿಟ್ಟಿಲ್ಲ ಅತ್ತಿಗೆ, ಪಕ್ಕದ ಮನೆಯವರನ್ನು ಕೇಳಿ. ಇನ್ನು ಮುಂದೆ ರಾತ್ರಿ ಅವನು ಒಳಗೇ ಮಲಗುತ್ತಾನೆ. ಬೆನ್ನು ಮುರಿದಿದ್ದರೆ, ಊಟ ಬಿಟ್ಟಿದ್ದರೆ ಆ ಮಾತನ್ನು ನಾನೇ ಆಡುತ್ತಿದ್ದೆ. ಇವನು ಇವತ್ತು ಬೆಳಿಗ್ಗೆ ಮೂರೇ ಕಾಲಿನಲ್ಲಿ ಅಡಿಕೆ ವ್ಯಾಪಾರಿಯನ್ನು ಗೇಟಿನವರೆಗೆ ಅಟ್ಟಿದ್ದಾನೆ. ಹೆಚ್ಚಿನ ನಾಯಿಗಳು ಆಪರೇಷನ್ ಆದ ಕೆಲವೇ ದಿನಗಳಲ್ಲಿ ನಡೆಯುತ್ತವೆ ಎಂದು ಡಾಕ್ಟರು ಹೇಳಿದರು. ಇವನಿಗೆ ಅಭ್ಯಾಸ ಈಗಾಗಲೇ ಆಗಿದೆ.

ಮೇಘಾ: ಒಂದು ಎಚ್ಚರಿಕೆ ಬೇಕು ಸುಮಾ ಅತ್ತೆ. ನಾಯಿಯ ಮೈಭಾರದ ಶೇ 60ರಷ್ಟನ್ನು ಮುಂಗಾಲುಗಳು ಹೊರುತ್ತವೆ. ಇನ್ನು ಅದರ ಬಹುಪಾಲು ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ತೂಕ ಹೆಚ್ಚಬಾರದು. ಜಾರುವ ಒಳಮನೆಯಲ್ಲಿ ಓಡಬಾರದು, ಗೋಣಿಚೀಲ ಹಾಸಿಡಿ. ಉಗುರು ಬೆಳೆಯಲು ಬಿಡಬೇಡಿ.

ದೊಡ್ಡಪ್ಪ: ಸರಿ, ನಿಮ್ಮ ಇಷ್ಟ. ಆಪರೇಷನ್ ಆದ ಮೇಲೆ ನೋವಿಗೆ ನನ್ನ ಮಂಡಿನೋವಿನ ಮಾತ್ರೆ ಅರ್ಧ ಕೊಡಿ. ಡೈಕ್ಲೊಫೆನಾಕ್, ತುಂಬ ಒಳ್ಳೆಯದು.

ಮೇಘಾ: ದಯವಿಟ್ಟು ಬೇಡ ಮಾವ. ಅದರಿಂದ ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು. ದನಗಳಿಗೆ ಕೊಟ್ಟ ಅದೇ ಔಷಧಿ ಹೆಣದ ಮೂಲಕ ರಣಹದ್ದುಗಳಿಗೆ ಸೇರಿ ಅವುಗಳ ಸಂತತಿಯೇ ಕುಸಿಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದರು. ಮನುಷ್ಯರ ಯಾವ ನೋವಿನ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಕೊಡಬಾರದು.

ದೊಡ್ಡಪ್ಪ: ನಾನು ಅದನ್ನು ದಿನಾ ತಿನ್ನುತ್ತಿದ್ದೇನಲ್ಲ?

ಮೇಘಾ: ಅದರ ಬಗ್ಗೆಯೂ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ.

ವಿನಯ: ಅಪ್ಪ, ಅವಳು ಹೇಳಿದ್ದನ್ನು ಕೇಳಿ.

(ಇಲ್ಲಿ ಗುಂಪು ಹತ್ತು ನಿಮಿಷ ಮೌನವಾಯಿತು. ಗುಂಪಿನ ಇತಿಹಾಸದಲ್ಲಿ ಅಪರೂಪ.)

ಚಿಕ್ಕಮ್ಮ: ಭಾವ, ಬೆಳಿಗ್ಗೆ ಆರಕ್ಕೆ ನಿಮ್ಮ ಕಾರು ಬೇಕು. ಬಾಡಿಗೆಯವನು ನಾಯಿ ಎಂದ ಕೂಡಲೇ ಫೋನ್ ಇಟ್ಟ.

ದೊಡ್ಡಪ್ಪ: ಮೊನ್ನೆಯಷ್ಟೇ ಸೀಟಿನ ಹೊದಿಕೆ ಹೊಸದು ಹಾಕಿಸಿದ್ದೇನೆ.

ಚಿಕ್ಕಮ್ಮ: ಟಾರ್ಪಾಲು ಹಾಸುತ್ತೇನೆ.

ದೊಡ್ಡಪ್ಪ: ಎರಡು ಹಾಸು. ಐದೂಮುಕ್ಕಾಲಿಗೆ ಬರುತ್ತೇನೆ, ಆರಾದರೆ ಘಟ್ಟದ ಬಸ್ಸುಗಳು ದಾರಿ ಬಿಡುವುದಿಲ್ಲ.

ಮೇಘಾ: ಅರಿವಳಿಕೆ ಕೊಡುತ್ತಾರೆ, ಹಾಗಾಗಿ ಇನ್ನು ಮುಂದೆ ಅವನಿಗೆ ಏನನ್ನೂ ತಿನ್ನಿಸಬೇಡಿ. ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಕಷ್ಟ.

ಚಿಕ್ಕಮ್ಮ: ನಾನು ತಿನ್ನಿಸುವುದಿಲ್ಲ. ಆದರೆ ಅಜ್ಜಿ ನಾಲ್ಕೂವರೆಗೆ ಎದ್ದು ಮೊದಲ ದೋಸೆಯನ್ನು ಅವನಿಗೇ ಹಾಕುತ್ತಾರೆ. ಬೇಡ ಎಂದು ಎರಡು ಸಲ ಹೇಳಿದೆ. ‘ಖಾಲಿ ಹೊಟ್ಟೆಯಲ್ಲಿ ಕಟುಕರ ಕೈಗೆ ಕೊಡುತ್ತೀಯಾ’ ಎಂದು ನನ್ನನ್ನೇ ಬೈದರು.

ದೊಡ್ಡಪ್ಪ: ಫೋನು ಅಮ್ಮನ ಕೈಗೆ ಕೊಡು. ನಾನು ಹೇಳುತ್ತೇನೆ.