ಪದ ಬೇಕು: ಐಸ್‌ಕ್ರೀಂ ಇಲ್ಲದ ಫ್ರೂಟ್ ಸಲಾಡ್‌ಗೆ ಕನ್ನಡದಲ್ಲಿ ಏನೆನ್ನುತ್ತೀರಿ?

ಧಾರವಾಡದಿಂದ

ಬಳಗದ ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಾಗಿದೆ. ಸಂಕ್ರಾಂತಿಯ ಮೇಳದಲ್ಲಿ ನಮ್ಮ ಓಣಿಯ ಸ್ವಸಹಾಯ ಸಂಘದ ಹೆಂಗಸರು ಒಂದು ಮಳಿಗೆ ಹಾಕುತ್ತಿದ್ದಾರೆ. ಚಳಿಗಾಲದ ಹಣ್ಣುಗಳನ್ನು ಗಿರಾಕಿಯ ಕಣ್ಣೆದುರೇ ಹೆಚ್ಚಿ, ಉಪ್ಪು, ಕರಿಮೆಣಸಿನ ಪುಡಿ, ನಿಂಬೆರಸ ಸೇರಿಸಿ ದೊನ್ನೆಯಲ್ಲಿ ಕೊಡುತ್ತಾರೆ. ನವಲೂರಿನ ಪೇರಲ, ಕಿತ್ತಳೆ, ಪಪ್ಪಾಯಿ, ದಾಳಿಂಬೆ, ಬಾಳೆ, ಮೇಲೆ ಒಂದಿಷ್ಟು ಬಾರೆಹಣ್ಣು.

‘ಫ್ರೂಟ್ ಸಲಾಡ್’ ಎಂದು ಬರೆಸಲು ನನಗೇನೂ ಮಡಿವಂತಿಕೆಯಿಲ್ಲ. ಆದರೆ ನಮ್ಮ ಹೋಟೆಲುಗಳಲ್ಲಿ ಆ ಹೆಸರಿನ ಬಟ್ಟಲು ಐಸ್‌ಕ್ರೀಂ ಹೊತ್ತುಕೊಂಡೇ ಬರುತ್ತದೆ, ಇಲ್ಲವೇ ಕಸ್ಟರ್ಡಿನಲ್ಲಿ ಮುಳುಗಿರುತ್ತದೆ. ಫಲಕ ಓದಿ ಬಂದವರೆಲ್ಲ ಐಸ್‌ಕ್ರೀಂ ಕೇಳಿದರೆ ಸಂಘದವರು ದಿನವಿಡೀ ಸಮಜಾಯಿಷಿ ಕೊಡುತ್ತಾ ಕೂರಬೇಕಾಗುತ್ತದೆ. ಫಲಕ ಬರೆಯುವವರಿಗೆ ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಪದ ತಲುಪಬೇಕು. ಹಲಗೆ ಚಿಕ್ಕದು, ವಿವರಣೆ ಹಿಡಿಸುವುದಿಲ್ಲ. ಜೊತೆಗೆ ಮಾಡುವ ಕ್ರಮದ ಒಂದು ಕರಪತ್ರವೂ ಇದೆ. ಅದರ ಮೊದಲ ಸಾಲು: ‘ತಾಜಾ ಹಣ್ಣುಗಳನ್ನು ಒಂದೇ ಅಳತೆಯ ಹೋಳುಗಳಾಗಿ ಹೆಚ್ಚಿ ಕಲಸಿರಿ.’ ಇದನ್ನೂ ನೋಡಿಕೊಟ್ಟರೆ ಉಪಕಾರವಾಗುತ್ತದೆ.

ಮೈಸೂರಿನಿಂದ

ರಸಾಯನ. ರಾಮನವಮಿಯಂದು ದೇವಸ್ಥಾನದಲ್ಲಿ ದೊನ್ನೆಗೆ ಹಾಕಿಕೊಡುವುದು ಇನ್ನೇನು? ಇರುವ ಪದವನ್ನು ಬಿಟ್ಟು ಇಲ್ಲದ ಪದವನ್ನು ಹುಡುಕುವ ಚಟ ಈ ಬಳಗಕ್ಕೆ ಯಾವಾಗ ಬಿಟ್ಟೀತೋ.

ಬೆಂಗಳೂರಿನಿಂದ

ಮೈಸೂರಿನವರೇ, ‘ರಾಸಾಯನಿಕಮುಕ್ತ ಹಣ್ಣುಗಳ ರಸಾಯನ’ ಎಂದು ಬರೆಸೋಣವೇ? ಕಾರ್ಬೈಡ್ ಹಾಕಿ ಹಣ್ಣು ಮಾಗಿಸುವ ಸುದ್ದಿಯನ್ನು ವರ್ಷವರ್ಷವೂ ಓದುವ ಜನರ ಎದುರು ‘ಹಣ್ಣಿನ ರಸಾಯನ’ ಎಂಬ ಫಲಕ ತೂಗುಹಾಕುವುದು ಧೈರ್ಯದ ಕೆಲಸ. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು, ಒಪ್ಪಿದೆ. ಆದರೆ ಪಠ್ಯಪುಸ್ತಕ ಆ ಪದವನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಎಷ್ಟೋ ಕಾಲವಾಯಿತು.

ಉಡುಪಿಯಿಂದ

ಪದದ ಜಗಳಕ್ಕಿಂತ ಮೊದಲು ಪದಾರ್ಥ ನೋಡಬೇಡವೇ? ರಸಾಯನವೆಂದರೆ ಬಾಳೆಹಣ್ಣು, ತೆಂಗಿನಕಾಯಿಯ ಹಾಲು, ಬೆಲ್ಲ, ಏಲಕ್ಕಿ. ನಮ್ಮಲ್ಲಿ ಹುರಿದ ಎಳ್ಳೂ ಬೀಳುತ್ತದೆ. ಹಣ್ಣು ರಸದಲ್ಲಿ ತೇಲಬೇಕು, ದೋಸೆಗೆ ನೆಂಚಿಕೊಳ್ಳಲು ಬರಬೇಕು. ಮೆಣಸಿನ ಪುಡಿ ಉದುರಿಸಿದ ಪೇರಳೆಯನ್ನು ರಸಾಯನ ಎಂದರೆ ನನ್ನ ಅತ್ತೆ ಎದ್ದು ಹೋಗುತ್ತಾರೆ.

ತಂಗೀ, ಕರಪತ್ರದಿಂದ ‘ಕಲಸಿರಿ’ ತೆಗೆದುಹಾಕು. ಅನ್ನವನ್ನು ಕಲಸುತ್ತೇವೆ, ಹಿಟ್ಟನ್ನು ಕಲಸುತ್ತೇವೆ. ಕೈಯಿಟ್ಟು ಕಲಸಿದರೆ ಪಪ್ಪಾಯಿ ಮುದ್ದೆಯಾಗುತ್ತದೆ. ಇಲ್ಲಿ ಬೇಕಾದದ್ದು ‘ಮೇಲಿಂದ ಕೆಳಗೆ ಹಗುರವಾಗಿ ತಿರುವಿರಿ’ ಎಂಬುದು. ಕ್ರಮವೂ ಮುಖ್ಯ. ಮೊದಲು ಬಟ್ಟಲಿಗೆ ನಿಂಬೆರಸ, ಅದರ ಮೇಲೆ ಪೇರಳೆಯ ಹೋಳು. ಹುಳಿ ತಾಗಿದ ಹೋಳು ಬೇಗ ಕಂದುವುದಿಲ್ಲ. ಕಿತ್ತಳೆಯ ತೊಳೆಗೆ ಅಂಟಿದ ಬಿಳಿ ನಾರು ಉಳಿದರೆ ಕಹಿ; ಅದನ್ನೂ ಬೀಜವನ್ನೂ ತೆಗೆಯಬೇಕು. ಬಾರೆಹಣ್ಣಿನ ಓಟೆ ತೆಗೆಯದಿದ್ದರೆ ಯಾರದಾದರೂ ಹಲ್ಲು ಹೋದೀತು. ಬಾಳೆಹಣ್ಣನ್ನು ಕೊಡುವ ಹೊತ್ತಿಗೇ ಹೆಚ್ಚಬೇಕು. ದಾಳಿಂಬೆ ಕಾಳು ಎಲ್ಲಕ್ಕಿಂತ ಕೊನೆಗೆ, ಇಲ್ಲವಾದರೆ ಎಲ್ಲವೂ ಕೆಂಪಾಗುತ್ತದೆ. ಉಪ್ಪು ದೊನ್ನೆಗೆ ಹಾಕಿದ ಮೇಲೆಯೇ. ಮೊದಲೇ ಹಾಕಿಟ್ಟರೆ ಹಣ್ಣು ನೀರು ಬಿಟ್ಟು, ತಳದಲ್ಲಿ ಪಾನಕ, ಮೇಲೆ ಚರಟ.

ಶಿವಮೊಗ್ಗದಿಂದ

ಹಣ್ಣುಗಲಸು. ಹಣ್ಣು, ಕಲಸು, ಕಕಾರಕ್ಕೆ ಗಕಾರ. ಮೂರು ವರ್ಷದ ಕೂಸಿಗೂ ತಿಳಿಯುತ್ತದೆ. ‘ತಾಜಾ’ ಪಾರಸಿಯದು, ತೆಗೆಯಿರಿ. ‘ಸಲಾಡ್’ ಎಂಬುದರ ಬೇರು ಲ್ಯಾಟಿನ್ನಿನಲ್ಲಿ ಉಪ್ಪಿಗೆ ಇರುವ ‘ಸಾಲ್’ ಎಂಬ ಪದ. ಉಪ್ಪು ಹಾಕಿದ್ದು ಎಂಬಷ್ಟೇ ಅರ್ಥದ ಪದವನ್ನು ಐಸ್‌ಕ್ರೀಮಿನ ಬಟ್ಟಲಿಗೆ ಅಂಟಿಸಿಕೊಂಡಿರುವ ನಾವು ಕನ್ನಡದ ಪದ ಕೇಳಿದರೆ ಮಾತ್ರ ಮೂಗು ಮುರಿಯುತ್ತೇವೆ.

ಉಡುಪಿಯಿಂದ

ಕಲಸಬಾರದು ಎಂದು ಈಗಷ್ಟೇ ಬರೆದೆನಲ್ಲ.

ಶಿವಮೊಗ್ಗದಿಂದ

ಹಾಗಿದ್ದರೆ ಹಣ್ಣುಬೆರಕೆ.

ಬೆಂಗಳೂರಿನಿಂದ

ಬೆರಕೆ ಎಂದು ಬರೆಸಿ. ಆಹಾರ ಸುರಕ್ಷತೆಯ ಅಧಿಕಾರಿ ತಾವಾಗಿಯೇ ಬರುತ್ತಾರೆ.

ಮಲ್ಲೇಶ್ವರದಿಂದ

ಹಿರಿಯನಾಗಿ ಒಂದು ಮಾತು. ಧಾರವಾಡದವರ ಮನೆಯಲ್ಲೇ ಇರುವ ಸೀಕರಣೆಯನ್ನು ಯಾರೂ ನೆನೆಯಲಿಲ್ಲವೆಂಬುದು ಆಶ್ಚರ್ಯ. ಸಂಸ್ಕೃತದಲ್ಲಿ ಶಿಖರಿಣಿ ಎಂಬುದೊಂದು ಭಕ್ಷ್ಯವಿದೆ: ಮೊಸರಿಗೆ ಸಕ್ಕರೆ, ಪರಿಮಳದ್ರವ್ಯ ಸೇರಿಸಿ ಮಾಡುವಂಥದ್ದು. ಪಾದಕ್ಕೆ ಹದಿನೇಳು ಅಕ್ಷರಗಳ ವೃತ್ತಕ್ಕೂ ಅದೇ ಹೆಸರು; ನಾಲಗೆಗೂ ಕಿವಿಗೂ ಒಂದೇ ಹೆಸರಿಟ್ಟವರ ರಸಿಕತೆಯನ್ನು ಗಮನಿಸಬೇಕು. ಈ ಶಿಖರಿಣಿಯೇ ಖಕಾರದ ಮಹಾಪ್ರಾಣ ಕಳೆದುಕೊಂಡು, ಮರಾಠಿಯಲ್ಲಿ ಶಿಕರಣವಾಗಿ, ನಮ್ಮಲ್ಲಿ ಸೀಕರಣೆಯಾಯಿತೆಂಬುದು ನನ್ನ ಬಹುಕಾಲದ ನಿಲುವು. ಮೊಸರು ಹೋಗಿ ಹಾಲು ಬಂದಿತು, ಹಣ್ಣು ಸೇರಿತು, ಹೆಸರು ಉಳಿಯಿತು. ‘ಚಳಿಗಾಲದ ಸೀಕರಣೆ’ ಎಂದು ಬರೆಸಿದರೆ ಶಾಸ್ತ್ರಕ್ಕೂ ಸೈ, ಸಂಪ್ರದಾಯಕ್ಕೂ ಸೈ.

ಶಿವಮೊಗ್ಗದಿಂದ

ಸೀ ಎಂದರೆ ಸಿಹಿ. ಮೊದಲಕ್ಷರದಲ್ಲೇ ಕನ್ನಡದ ಬೇರು ಎದ್ದು ಕಾಣುತ್ತಿರುವಾಗ ಅದನ್ನು ಶಿಖರಕ್ಕೇರಿಸುವ ಅಗತ್ಯವೇನು?

ಮಲ್ಲೇಶ್ವರದಿಂದ

ಹಾಗಾದರೆ ‘ಕರಣೆ’ ಯಾವ ಅಚ್ಚಗನ್ನಡದ್ದು, ಸ್ವಾಮಿ?

ಪುಣೆಯಿಂದ

ಇಬ್ಬರೂ ಕ್ಷಮಿಸಬೇಕು. ಇಲ್ಲಿ ಮದುವೆಯಾಗಿ ಬಂದ ಕನ್ನಡತಿ ನಾನು. ಮರಾಠಿ ಮನೆಗಳಲ್ಲಿ ಶಿಕರಣವೆಂದರೆ ಹಾಲು, ಸಕ್ಕರೆ, ಬಾಳೆಹಣ್ಣು. ಚಪಾತಿಯ ಜೊತೆಗೆ ತಿನ್ನುತ್ತಾರೆ. ನಮ್ಮ ತವರಿನಲ್ಲಿ ಸೀಕರಣೆಯೆಂದರೆ ಮಾವು, ಹೋಳಿಗೆಯ ಜೊತೆಗೆ. ಎರಡರಲ್ಲೂ ಹಾಲಿದೆ. ಧಾರವಾಡದವರ ಬಟ್ಟಲಿನಲ್ಲಿ ಕಿತ್ತಳೆಯಿದೆ, ಹಾಲು ಹಾಕಿದರೆ ಒಡೆಯುತ್ತದೆ. ಪಪ್ಪಾಯಿಯಿದೆ, ಹಾಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಕಹಿಯಾಗುತ್ತದೆ. ಹಾಲಿಲ್ಲದ ಸೀಕರಣೆ ಉಂಟೇ?

ತುಮಕೂರಿನಿಂದ

ಕೋಸಂಬರಿ ಎನ್ನಬಹುದಲ್ಲವೇ? ಹಸಿಯದು, ಹೆಚ್ಚಿದ್ದು, ಬಡಿಸುವ ಮುನ್ನ ಉಪ್ಪು. ಲಕ್ಷಣವೆಲ್ಲ ಹೊಂದುತ್ತದೆ.

ಮೈಸೂರಿನಿಂದ

ಹೆಸರುಬೇಳೆ ಎಲ್ಲಿ?

ಮಲ್ಲೇಶ್ವರದಿಂದ

ಕೋಸಂಬರಿ, ಮರಾಠಿಯ ಕೋಶಿಂಬೀರ, ಕೊತ್ತಂಬರಿ, ಸಂಸ್ಕೃತದ ಕುಸ್ತುಂಬುರು ಇವೆಲ್ಲದರ ನಂಟನ್ನು ಕುರಿತು ಬಿಡುವಾದಾಗ ವಿವರವಾಗಿ ಬರೆಯುತ್ತೇನೆ.

ಬೆಂಗಳೂರಿನಿಂದ

ಫಲಕ ಒಣಗಿದ ಮೇಲೆ ಬರೆಯಿರಿ, ಅವಸರವಿಲ್ಲ.

ಹಾಸನದಿಂದ

ಶಿವಮೊಗ್ಗದವರಿಗೆ ಒಂದು ಪ್ರಶ್ನೆ. ಭಾಷೆಗಳ ಬೆರಕೆಯ ಮೇಲೆ ಇಷ್ಟು ಕೋಪವಿರುವವರು ಫಲಕದಲ್ಲಿ ‘ಚಳಿಗಾಲ’ವನ್ನು ಹೇಗೆ ಸಹಿಸಿದಿರಿ? ಚಳಿ ಕನ್ನಡದ್ದು, ಕಾಲ ಸಂಸ್ಕೃತದ್ದು. ವ್ಯಾಕರಣ ಬೇಡವೆನ್ನುವ ಜೋಡಿ, ಕಣ್ಣೆದುರೇ ಅರಿಸಮಾಸ.

ಶಿವಮೊಗ್ಗದಿಂದ

ಕಾಲ ಸಮಸಂಸ್ಕೃತ, ಎರಡೂ ನುಡಿಗಳಲ್ಲಿ ಒಂದೇ ರೂಪದ ಪದ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಸಮಸಂಸ್ಕೃತಕ್ಕೆ ದಾರಿ ಬಿಟ್ಟಿದ್ದಾನೆ. ಓದಿಕೊಂಡು ಬನ್ನಿ.

ಹಾಸನದಿಂದ

ಓದಿದ್ದರಿಂದಲೇ ಕೇಳುತ್ತಿದ್ದೇನೆ. ನಿಮಗೆ ಬೇಕಾದಾಗ ಸಮಸಂಸ್ಕೃತ, ಬೇಡವಾದಾಗ ಎರವಲು ಎನ್ನುವುದಾದರೆ ಸೂತ್ರವೇಕೆ?

ಈಗ ಬಟ್ಟಲಿಗೇ ಬರೋಣ. ದಾಳಿಂಬೆ ಸಂಸ್ಕೃತದ ದಾಡಿಮದಿಂದ ಬಂದದ್ದು. ಬಾರೆ, ಬೋರೆ ಎಂಬುವು ಬದರಿಯ ಮಕ್ಕಳು. ಪಪ್ಪಾಯಿ ಅಮೆರಿಕದ ಗಿಡ. ಪೋರ್ಚುಗೀಸರ ಬಾಯಿಂದ ಬಂದ ಹೆಸರು. ಅದನ್ನು ಪರಂಗಿಹಣ್ಣು ಎಂದು ಕರೆದು ಅಚ್ಚಗನ್ನಡವಾಯಿತೆಂದು ಹಿಗ್ಗುವವರಿದ್ದಾರೆ. ಪರಂಗಿ ಎಂದರೆ ಫರಂಗಿ, ಅಂದರೆ ಪರದೇಶದವನ ಹಣ್ಣು ಎಂದು ಹೆಸರೇ ಸಾರುತ್ತಿದೆ. ಪೇರಲದ ಹಣ್ಣೂ ಹಡಗಿನಲ್ಲಿ ಬಂದದ್ದು, ಹೆಸರೂ ಹಡಗಿನಲ್ಲಿ ಬಂದದ್ದು: ಪೋರ್ಚುಗೀಸರ ಪೇರ, ಮರಾಠಿಯ ಪೇರು, ನಮ್ಮ ಪೇರಲ. ಅನಾನಸ್, ಸಪೋಟ ಸೇರಿಸಿದರೆ ದಕ್ಷಿಣ ಅಮೆರಿಕದ ತುಪಿ, ಮೆಕ್ಸಿಕೊದ ನಾವಾಟ್ಲ್ ಭಾಷೆಗಳೂ ಬಂದು ಕೂರುತ್ತವೆ. ಮಿಕ್ಕದ್ದು ಬಾಳೆ, ಕಿತ್ತಳೆ, ಮೆಣಸು, ಉಪ್ಪು. ಎರವಲು ಬೇಡವೆನ್ನುವವರು ಇಷ್ಟನ್ನೇ ತಿನ್ನಲಿ. ಕೊಳ್ಳುವವರು ಎಂದಾದರೂ ಪೇರಲವನ್ನು ಕೈಯಲ್ಲಿ ಹಿಡಿದು ‘ಇದು ಎರವಲೇ’ ಎಂದು ಕೇಳಿದ್ದಾರೆಯೇ? ಕಾಯಿಯೋ ಹಣ್ಣೋ ಎಂದು ಒತ್ತಿ ನೋಡುತ್ತಾರೆ, ಅಷ್ಟೇ.

ಶಿವಮೊಗ್ಗದಿಂದ

ಹಳೆಯ ಎರವಲಿಗೂ ಹೊಸ ಸೋಮಾರಿತನಕ್ಕೂ ವ್ಯತ್ಯಾಸವಿದೆ. ಪೇರಲ ಬಂದಾಗ ನಮ್ಮಲ್ಲಿ ಆ ಹಣ್ಣು ಇರಲಿಲ್ಲ, ಹೆಸರು ತಂದರು. ಹಣ್ಣು ಹೆಚ್ಚಿ ಒಟ್ಟುಗೂಡಿಸುವುದನ್ನು ನಾವು ಯಾವ ಹಡಗಿನಿಂದಲೂ ಕಲಿಯಬೇಕಾಗಿರಲಿಲ್ಲ. ಇದಕ್ಕೆ ಉತ್ತರ ಕೊಡಿ.

ವಿಜಯಪುರದಿಂದ

ಜಗಳದ ನಡುವೆ ನುಗ್ಗುತ್ತಿದ್ದೇನೆ. ಧಾರವಾಡದ ಅಕ್ಕನವರೇ, ನಮ್ಮ ಕಡೆ ಮೆಂತ್ಯದ ಸೊಪ್ಪು, ಸೌತೆ, ಉಳ್ಳಾಗಡ್ಡಿ ಹಸಿಯಾಗಿಯೇ ಹೆಚ್ಚಿ ಗುರೆಳ್ಳು ಪುಡಿ ಹಾಕಿದರೆ ಏನೆನ್ನುತ್ತೇವೆ? ಪಚಡಿ. ಬೇಯಿಸುವುದಿಲ್ಲ, ಹಾಲಿಲ್ಲ, ಬೇಳೆ ಬೇಕೆಂದಿಲ್ಲ, ಉಪ್ಪು ಖಾರ ಇರಲೇಬೇಕು. ಹಣ್ಣಿನ ಪಚಡಿ ಎನ್ನಿ. ಪಚ್ಚ, ಪಸಿ, ಹಸಿ ಇವುಗಳ ಬಳಗದ ಪದವೆಂದು ಶಿವಮೊಗ್ಗದವರೂ ಒಪ್ಪಿಯಾರು. ಮೇಳಕ್ಕೆ ಬರುವವರು ರೊಟ್ಟಿಯ ಜೊತೆ ಪಚಡಿ ತಿಂದು ಬೆಳೆದವರು. ಫಲಕ ಅವರಿಗಾಗಿ ತಾನೇ?

ಮೈಸೂರಿನಿಂದ

ಪಚಡಿಗೆ ಮೊಸರು ಬೇಕು.

ವಿಜಯಪುರದಿಂದ

ಮೈಸೂರಿನಲ್ಲಿ ಬೇಕು. ಮೇಳ ಧಾರವಾಡದಲ್ಲಿದೆ.

ಧಾರವಾಡದಿಂದ

ಎಲ್ಲರಿಗೂ ಧನ್ಯವಾದ. ಫಲಕಕ್ಕೆ ‘ಚಳಿಗಾಲದ ಹಣ್ಣಿನ ಪಚಡಿ’ ಎಂದು ಕೊಟ್ಟಾಯಿತು. ಸಂಘದ ಹೆಂಗಸರಿಗೆ ಓದಿ ಹೇಳಿದಾಗ ಯಾರೂ ಅರ್ಥ ಕೇಳಲಿಲ್ಲ, ದೊನ್ನೆಗೆ ಎಷ್ಟು ದುಡ್ಡು ಎಂಬ ಚರ್ಚೆಗೆ ಹೋದರು. ಕರಪತ್ರವನ್ನು ಉಡುಪಿಯ ಅಕ್ಕ ಹೇಳಿದಂತೆ ತಿದ್ದಿದ್ದೇನೆ: ‘ಬಟ್ಟಲಿಗೆ ಮೊದಲು ನಿಂಬೆರಸ ಹಿಂಡಿ. ಆಗಷ್ಟೇ ಹೆಚ್ಚಿದ ಪೇರಲದ ಹೋಳುಗಳನ್ನು ಅದರಲ್ಲಿ ಹೊರಳಿಸಿ. ನಾರು, ಬೀಜ ತೆಗೆದ ಕಿತ್ತಳೆಯ ತೊಳೆ, ಓಟೆ ತೆಗೆದ ಬಾರೆ, ಪಪ್ಪಾಯಿ ಸೇರಿಸಿ ಮೇಲಿಂದ ಕೆಳಗೆ ಹಗುರವಾಗಿ ತಿರುವಿ. ಬಾಳೆ, ದಾಳಿಂಬೆ, ಉಪ್ಪು, ಮೆಣಸಿನ ಪುಡಿ ಕೊಡುವಾಗ.’ ‘ತಾಜಾ’ ತಾನಾಗಿಯೇ ಬಿದ್ದುಹೋಯಿತು, ಯಾರನ್ನೂ ಮೆಚ್ಚಿಸಲು ಅಲ್ಲ.

ಒಂದು ಸಣ್ಣ ಸಂಶಯ ಉಳಿದಿದೆ. ಹೊರಗಿನ ಊರುಗಳವರೂ ಕರಪತ್ರ ಒಯ್ಯುತ್ತಾರೆ. ಪೇರಲ ಎಂದರೆ ಸಾಕೇ, ಸೀಬೆ ಎಂದೂ ಸೇರಿಸಲೇ?

ಮೈಸೂರಿನಿಂದ

ಸೀಬೆ ಸೇರಿಸಿ. ಅರ್ಧ ನಾಡು ಪೇರಲವೆಂದರೆ ಏನೆಂದು ಕೇಳುತ್ತದೆ.

ಶಿವಮೊಗ್ಗದಿಂದ

ಪೇರಲವೇ ಇರಲಿ. ಹಾಸನದವರು ಹಡಗಿನ ಕತೆ ಹೇಳಿದರು, ಕೇಳಿಸಿಕೊಂಡೆ. ಕಿತ್ತಳೆ ಎಂಬುದು ಕಿರಿದು ಮತ್ತು ಇಳೆ ಸೇರಿ ಆದದ್ದು. ಹಾಗೆಯೇ ಪಿರಿದು ಮತ್ತು ಇಳೆ ಸೇರಿ ಪೇರಿಳೆ. ಅದೇ ಕರಾವಳಿಯ ಪೇರಳೆ, ನಿಮ್ಮ ಪೇರಲ. ಪೋರ್ಚುಗೀಸರಿಗೂ ಇದಕ್ಕೂ ಸಂಬಂಧವಿಲ್ಲ.

ಹಾಸನದಿಂದ

ಪೇರಿಳೆಯ ಪಕಾರ ಹಕಾರವಾಗಿ ಹೇರಿಳೆಯಾಗಿ, ಹೇರಳೆಯಾಗಿ, ಆ ದಪ್ಪ ಹುಳಿಕಾಯಿಯ ಹೆಸರಾಗಿ ಆಗಲೇ ಸಂದಿದೆ. ಅದೇ ಪದ ಇನ್ನೊಂದು ಹಣ್ಣಿನ ಮೇಲೆ ಪಕಾರವನ್ನು ಉಳಿಸಿಕೊಂಡು ಕೂತದ್ದು ಹೇಗೆ? ಅಲ್ಲದೆ ಇಳೆ ಎಂದರೆ ನಿಂಬೆ ಜಾತಿಯ ಹಣ್ಣು. ಪೇರಲದಲ್ಲಿ ತೊಳೆ ಎಲ್ಲಿದೆ?

ಶಿವಮೊಗ್ಗದಿಂದ

ಹೊಸ ಹಣ್ಣಿಗೆ ಹಳೆಯ ಹೆಸರು ಇಡಬಾರದೆಂದು ಯಾವ ಸೂತ್ರದಲ್ಲಿದೆ?

ಬೆಂಗಳೂರಿನಿಂದ

ದಯವಿಟ್ಟು ಪೇರಲಕ್ಕೆ ಬೇರೆ ಎಳೆ ತೆರೆಯಿರಿ.

ಶಿವಮೊಗ್ಗದಿಂದ

ತೆರೆಯುವುದಿಲ್ಲ. ಇಲ್ಲೇ ಇತ್ಯರ್ಥವಾಗಲಿ.