ಅವರೆ ಹೂವಿನ ಮೇಲೆ ಕಂಡ ಹಳದಿ ಪಟ್ಟೆಯ ನೊಣ ಯಾವುದು?

ಪ್ರಶ್ನೆ: ಮಂಡ್ಯದ ನಮ್ಮ ಹಿತ್ತಲಿನ ಅವರೆ ಬಳ್ಳಿಯ ಬಳಿ, ಸುಮಾರು ಒಂದು ಸೆಂಟಿಮೀಟರ್ ಉದ್ದದ, ಹೊಟ್ಟೆಯ ಮೇಲೆ ಹಳದಿ ಮತ್ತು ಕಪ್ಪು ಪಟ್ಟೆಗಳಿರುವ ಕೀಟವೊಂದು ಗಾಳಿಯಲ್ಲಿ ತೂಗುಹಾಕಿದಂತೆ ನಿಂತಿರುತ್ತದೆ, ಕೈ ಆಡಿಸಿದೊಡನೆ ಪಕ್ಕಕ್ಕೆ ಚಿಮ್ಮಿ, ಮತ್ತೆ ಅಲ್ಲಿಗೇ ಮರಳುತ್ತದೆ. ಪಕ್ಕದ ಮನೆಯವರು ರೇಷ್ಮೆಹುಳು ಸಾಕುತ್ತಿರುವುದರಿಂದ ಇದು ಆ ಹುಳುಗಳ ಮೇಲೆ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಊಜಿ ನೊಣವಿರಬಹುದೇ ಎಂಬ ಆತಂಕವಾಗಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಖಂಡಿತ ಊಜಿಯಲ್ಲ. ಅದು ಬೂದುಗಪ್ಪು ಬಣ್ಣದ್ದು, ಎದೆಯ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಅದು 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ನಮ್ಮ ಕಡೆಯ ಹಿರಿಯರು ಯಾವ ನೊಣವನ್ನೂ ನಂಬುವುದಿಲ್ಲ, ಅದು ಬೇರೆ ಮಾತು. ರೇಷ್ಮೆಹುಳುವಿನ ಮೈಮೇಲೆ ಕಪ್ಪು ಕಲೆ ಕಂಡರೆ ಆಗ ಊಜಿಯನ್ನು ಅನುಮಾನಿಸಬಹುದು. ನೀವು ನೋಡಿದ್ದು ಜೇನುಹುಳುವೇ ಇರಬೇಕು.

ಉತ್ತರ 2: ಮೊದಲ ಮಾತು ಸರಿ, ಕೊನೆಯದು ಸರಿಯಲ್ಲ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ಜೋಡಿಯ ಜಾಗದಲ್ಲಿ ಹಾರಾಟದ ಸಮತೋಲ ಕಾಯುವ ಪುಟ್ಟ ಗುಬುಟುಗಳಿರುತ್ತವೆ. ನಿಮ್ಮ ವಿವರಣೆ ಸಿರ್ಫಿಡೀ ಕುಟುಂಬದ ಹೋವರ್‌ಫ್ಲೈಗೆ ಹೊಂದುತ್ತದೆ. ಜೇನು, ಕಣಜಗಳಂತೆ ಕಂಡು ಹಕ್ಕಿಗಳನ್ನು ದೂರವಿಡುವ ಈ ನೊಣಕ್ಕೆ ಕೊಂಡಿಯೇ ಇಲ್ಲ. ಇಂಥ ಪಟ್ಟೆಯ ಹಲವು ಜಾತಿಗಳ ಮರಿಹುಳುಗಳು ಗಿಡಹೇನುಗಳನ್ನು ತಿನ್ನುತ್ತವೆ; ಆದುದರಿಂದ ಔಷಧಿ ಸಿಂಪಡಿಸುವ ಮುನ್ನ ಅವರೆಯ ಕುಡಿಗಳನ್ನೊಮ್ಮೆ ನೋಡಿ.

ಪ್ರಶ್ನೆ ಕೇಳಿದವರು: ನೋಡಿದೆ. ಹೇನು ಮುತ್ತಿದ ಕುಡಿಯಲ್ಲಿ, ಕಾಲಿಲ್ಲದ ಹಸಿರು ಹುಳುವೊಂದು ಹೇನನ್ನು ಕಚ್ಚಿ ಮೇಲಕ್ಕೆತ್ತಿ ಹೀರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಸಿಪ್ಪೆ ಮಾತ್ರ ಉಳಿಯಿತು. ಬೇವಿನೆಣ್ಣೆಯ ಸೀಸೆಯನ್ನು ಅಟ್ಟಕ್ಕೆ ಹಾಕಿದ್ದೇನೆ.