ಹೊರಗಿನ ಮರ ತೊಳೆಯಲು ಯಾವ ಪ್ರೆಶರ್ ವಾಷರ್?

ಪ್ರಶ್ನೆ (ಕೋಲಾರ): ತೇಗದ ಬಾಗಿಲು, ಜಗಲಿ ಕಂಬ ತೊಳೆಯೋ ಕೆಲಸ ದಿನವೂ ಇರುತ್ತೆ. ಬೋರ್‌ವೆಲ್ ನೀರು, ತಾರಸಿ ಟ್ಯಾಂಕ್. ಬಾಳಿಕೆ ಬರೋ ಮಷಿನ್ ಹೇಳಿ ಸಾರ್. 200 ಬಾರ್ (ನೀರಿನ ಒತ್ತಡದ ಅಳತೆ) ಬೇಕಾ?

ಉತ್ತರ 1: ಬೇಡವೇ ಬೇಡ. ಮರಕ್ಕೆ 40ರಿಂದ 80 ಬಾರ್ ಸಾಕು. ಜಾಸ್ತಿಯಾದ್ರೆ ನಾರು ಕಿತ್ತು ತುಪ್ಪಳದ ಹಾಗೆ ಏಳುತ್ತೆ. ಒತ್ತಡ ಇಳಿಸೋ ನಾಬ್, ಇಂಡಕ್ಷನ್ ಮೋಟಾರ್ (ಬ್ರಷ್ ಇಲ್ಲದ್ದು), ಹಿತ್ತಾಳೆ ಪಂಪ್ ಹೆಡ್ ಇರೋದು ತಗೊಳ್ಳಿ. ಕಾರ್ಬನ್ ಬ್ರಷ್ ಮೋಟಾರ್ ಮನೆ ಕಾರು ತೊಳೆಯೋಕೆ ಸರಿ. ದಿನಪೂರ್ತಿ ಓಡಿಸಿದ್ರೆ ಬಿಸಿಯಾಗಿ ಬ್ರಷ್ ಸವೆಯುತ್ತೆ.

ಉತ್ತರ 2: ನೀರನ್ನ ಬೀಸಣಿಗೆ ಹಾಗೆ ಅಗಲವಾಗಿ ಚೆಲ್ಲೋ 40 ಡಿಗ್ರಿಯ ಬಿಳಿ ನಾಝಲ್, ಒಂದಡಿ ದೂರ, ಮರದ ಎಳೆಯ ಉದ್ದಕ್ಕೇ ಹೊಡೀರಿ. ಸೂಜಿಯಂಥ ಧಾರೆಯ ಕೆಂಪು ನಾಝಲ್ (0 ಡಿಗ್ರಿ) ಮುಟ್ಟಬೇಡಿ. ನೀರು ಒಳಗೆ ಹೋಗೋ ಕಡೆ ಫಿಲ್ಟರ್ ಇಲ್ಲದಿದ್ರೆ ಬೋರ್ ಮರಳು ಪಂಪ್‌ನ ಸೀಲ್ ತಿನ್ನುತ್ತೆ.

ಪ್ರಶ್ನೆ: ಒತ್ತಡ ಏರಿಳಿದ್ರೆ?

ಉತ್ತರ 1: ಹೆಚ್ಚಾಗಿ ಪಂಪ್ ಒಳಗೆ ಗಾಳಿ ಸೇರಿರುತ್ತೆ, ಇಲ್ಲಾ ಬರೋ ನೀರು ಸಾಲದು. ನೀರು ಸಾಲದಿದ್ರೆ ಟ್ಯಾಂಕ್‌ನಿಂದ ಮಷಿನ್‌ಗೆ ಮುಕ್ಕಾಲು ಇಂಚು ಪೈಪ್ ಹಾಕಿ. ಗಾಳಿ ಹೋಗೋಕೆ, ಮೋಟಾರ್ ಆನ್ ಮಾಡೋ ಮುಂಚೆ ನೀರು ಬಿಟ್ಟು ಗನ್ ಒತ್ತಿ ಹಿಡೀರಿ, ನೀರು ಒಂದೇ ಸಮ ಬರೋವರೆಗೂ.